ಬಾಟಲಿಯಲ್ಲಿ ಬರುವ ತುಕ್ಕಿನ ಮದ್ದು: ಎರಡು ಬಾಗಿಲಿನ ಹೆರಾಲ್ಡ್‌ಗೆ ಹಚ್ಚಿ ನೋಡಿದಾಗ

ಹುಬ್ಬಳ್ಳಿಯ ಪೇಂಟ್ ಅಂಗಡಿಗಳಲ್ಲಿ ಈಗ ರೆಡ್ ಆಕ್ಸೈಡ್ ಪ್ರೈಮರ್ ಡಬ್ಬಿಯ ಪಕ್ಕದಲ್ಲೇ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನೇ ಗಟ್ಟಿ ಪದರವಾಗಿ ಬದಲಿಸುವ ಮದ್ದಿನ ಬಾಟಲಿಯೂ ಕೂತಿರುತ್ತದೆ. "ತುಕ್ಕಿನ ಮ್ಯಾಲೆ ಹಚ್ಚರಿ, ಕರ್ರಗಾತಂದ್ರ ಮುಗೀತು, ಸೀದಾ ಬಣ್ಣ ಹೊಡೀರಿ" ಅನ್ನೋದು ಕೌಂಟರಿನ ಮಾತು. ಅದರಲ್ಲಿ ಅರ್ಧ ನಿಜ. ಉಳಿದರ್ಧ ಎಲ್ಲಿ ಕೈಕೊಡುತ್ತದೆ ಎಂದು ನೋಡಲು ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಹಳೆ ಗಾಡಿಯೇ ಬೇಕು.

ಸಿಕ್ಕದ್ದು ಗದಗ ಕಡೆಯ ಗೋದಾಮಿನಲ್ಲಿ ನಿಂತಿದ್ದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಮಾರುವವರು ಇದನ್ನು 'ಕೂಪೆ' (ಗಿಡ್ಡ ಟಾಪಿನ ಎರಡು ಬಾಗಿಲಿನ ಕಾರು) ಎಂದೇ ಕರೆಯುತ್ತಾರೆ. ಹೆರಾಲ್ಡ್‌ನ ಅಸಲಿ ಕೂಪೆ 1959ರಲ್ಲಿ ಬ್ರಿಟನ್ನಿನಲ್ಲಿ ಟ್ರಯಂಫ್ ಹೆಸರಿನಲ್ಲಿ ಬಂದದ್ದು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಇಲ್ಲಿ ಕಟ್ಟಿದ್ದು ಎರಡು ಬಾಗಿಲಿನ ಸಲೂನ್, ಅಂದರೆ ಮಾಮೂಲಿ ಟಾಪಿನ ಕಾರು. ಇರಲಿ, ತುಕ್ಕಿಗೆ ಆ ಭೇದ ಗೊತ್ತಿಲ್ಲ. ನಮ್ಮ ಕೆಲಸಕ್ಕೆ ಹೆರಾಲ್ಡ್ ಛಲೋ ಗಾಡಿ: ಬಾಡಿ ಬೇರೆ, ಅದನ್ನು ಹೊತ್ತ ಕೆಳಗಿನ ಚೌಕಟ್ಟಾದ ಚಾಸಿ ಬೇರೆ, ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ, ಬಹಳಷ್ಟು ಭಾಗ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಒಂದೇ ಗಾಡಿಯಲ್ಲಿ ಮೂರು ಬಗೆಯ ತುಕ್ಕೂ ಇತ್ತು. ಬಾನೆಟ್ ಮತ್ತು ಟಾಪಿನ ಮೇಲೆ ಬಣ್ಣ ಎದ್ದು ಕಂದಾದ ತೆಳು ತುಕ್ಕು. ಒಳಗಿನ ಫ್ಲೋರಿನ ಮೇಲೆ, ಪೊಟ್ಯಾಶ್ ಚೀಲ ಇಟ್ಟು ಸೋರಿದ ಕಡೆ, ಪದರು ಪದರಾಗಿ ಏಳುವ ತುಕ್ಕು. ಕೆಳಗೆ ಔಟ್‌ರಿಗ್ಗರ್‌ಗಳಲ್ಲಿ, ಅಂದರೆ ಚಾಸಿಯ ಬೆನ್ನೆಲುಬಿನಿಂದ ಪಕ್ಕಕ್ಕೆ ಚಾಚಿದ ತೋಳುಗಳಲ್ಲಿ, ಎರಿಮಣ್ಣು ತುಂಬಿ ಒಳಗಿಂದ ತಿಂದದ್ದು.

ಅಂಗಡಿಯಲ್ಲಿ ಸಿಗುವ ಮದ್ದು ಎರಡು ಜಾತಿಯದು, ಆದರೆ ಎರಡಕ್ಕೂ ಒಂದೇ ಹೆಸರು. ಚೀಟಿ ತಿರುಗಿಸಿ ಓದಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನೀರಿನಂತೆ ತಿಳಿಯಾಗಿ ಅಥವಾ ತುಸು ಹಸಿರಾಗಿ ಇರುವುದು ಫಾಸ್ಫರಿಕ್ ಆಸಿಡ್. ಇದು ತುಕ್ಕನ್ನು ಕರಗಿಸುತ್ತದೆ, ಉಳಿದದ್ದನ್ನು ಬೂದಿ ಬಣ್ಣದ ಫಾಸ್ಫೇಟ್ ಪದರವಾಗಿ ಮಾರ್ಪಡಿಸುತ್ತದೆ. ಹಾಲಿನಂತೆ ಬೆಳ್ಳಗಿರುವುದು ಟ್ಯಾನಿಕ್ ಆಸಿಡ್ ಜೊತೆ ಪಾಲಿಮರ್ ಬೆರೆಸಿದ್ದು. ತುಕ್ಕಿಗೆ ತಾಗಿದ ಕೂಡಲೇ ನೀಲಿಗಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ಮೊಳೆ ಬಿದ್ದರೆ ಮಸಿಯಾಗುತ್ತದಲ್ಲ, ಅದೇ ಒಗರು, ಅದೇ ಕಪ್ಪು. ಪಾಲಿಮರ್ ಒಣಗಿ ಮೇಲೆ ತೆಳು ಪೊರೆ ಕಟ್ಟುತ್ತದೆ.

ಫಾಸ್ಫರಿಕ್ ಜಾತಿಯದನ್ನು (ಮುಂದೆ ಬರಿ 'ಆಸಿಡ್' ಎಂದರೆ ಇದೇ) ತೊಳೆದು ತೆಗೆಯಬೇಕು, ಟ್ಯಾನಿಕ್ ಜಾತಿಯದನ್ನು (ಮುಂದೆ 'ಟ್ಯಾನಿನ್') ಹಾಗೇ ಬಿಡಬೇಕು. ಇದು ತಿರುವುಮುರುವಾದರೆ ಮುಂದಿನ ಕೆಲಸವೆಲ್ಲ ನೀರಲ್ಲಿ ಹೋಮ.

ಬಾನೆಟ್ ಮೇಲೆ ಎರಡೂ ಪಾಸು. 80 ನಂಬರಿನ ಎಮರಿಯಿಂದ ಉದುರುವುದನ್ನೆಲ್ಲ ಉದುರಿಸಿ, ಥಿನ್ನರ್ ಹಾಕಿ ಎಣ್ಣೆ ಪಸೆ ಒರೆಸಿದ ಮೇಲೆ ಎಡಭಾಗಕ್ಕೆ ಆಸಿಡ್, ಬಲಭಾಗಕ್ಕೆ ಟ್ಯಾನಿನ್. ಆಸಿಡ್ಡನ್ನು ಹತ್ತು ಹದಿನೈದು ನಿಮಿಷ ಒಣಗಲು ಬಿಡದೆ ಬ್ರಶ್ಶಿನಿಂದ ಒದ್ದೆಯಾಗಿಟ್ಟು, ನೀರಿನಿಂದ ತೊಳೆದು, ಬ್ಲೋವರ್ ಹಿಡಿದು ಒಣಗಿಸಿ, ಅವತ್ತೇ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ). ಸಣ್ಣ ಗುಳಿಗಳ ತಳದ ಕಪ್ಪು ಚುಕ್ಕೆ ಕೂಡ ಆಸಿಡ್‌ಗೆ ಬಿಟ್ಟಿತು. ಟ್ಯಾನಿನ್ ಹಚ್ಚಿದ ಕಡೆ ಇಪ್ಪತ್ತು ನಿಮಿಷದಲ್ಲಿ ಕಪ್ಪು. ಎರಡನೆ ಕೋಟು, ಒಂದು ಹಗಲು ಒಂದು ರಾತ್ರಿ ಬಿಟ್ಟು ಪ್ರೈಮರ್. ಮಳೆಗಾಲ ಕಳೆದ ಮೇಲೂ ಎರಡೂ ಕಡೆ ಗುಳ್ಳೆ ಇಲ್ಲ. ಪೂರ್ತಿ ಬೆಳ್ಳಗೆ ಉಜ್ಜಿದ ತಗಡಿಗೆ ಮಾತ್ರ ಟ್ಯಾನಿನ್ ದಂಡ: ಅದಕ್ಕೆ ತಿನ್ನಲು ತುಕ್ಕೇ ಬೇಕು, ಬರಿ ಕಬ್ಬಿಣದ ಮೇಲೆ ಬೆಳ್ಳನೆ ಅಂಟಾಗಿ ಒಣಗಿ ಆಮೇಲೆ ಸಿಪ್ಪೆಯಂತೆ ಸುಲಿಯುತ್ತದೆ.

ಗ್ರೈಂಡರಿಗೆ ತಂತಿ ಬ್ರಶ್ ಹಾಕಿ ಉಜ್ಜುವವರಿಗೆ ಒಂದು ಮಾತು. ತಂತಿ ಬ್ರಶ್ ತುಕ್ಕನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಪಾಲಿಶ್ ಮಾಡುತ್ತದೆ. ಕಂದು ಹೋಗಿ ಕಡುಬೂದಿ ಬಣ್ಣದಲ್ಲಿ ಮಿರಮಿರ ಮಿಂಚುವುದನ್ನು ಕಬ್ಬಿಣ ಎಂದು ನಂಬಬೇಡಿ. ಅದು ಒತ್ತಿ ಕೂತ ತುಕ್ಕು, ಯಾವ ಮದ್ದೂ ಒಳಗೆ ಇಳಿಯುವುದಿಲ್ಲ. ಅಡ್ಡಡ್ಡ ಗೀರು ಬೀಳುವ ಹಾಗೆ ಎಮರಿಯಿಂದಲೇ ಉಜ್ಜಬೇಕು.

ಫ್ಲೋರಿಗೆ ಬಂದರೆ ಕತೆಯೇ ಬೇರೆ. ಅದೇ ಬಾಟಲಿ, ಅದೇ ಬ್ರಶ್, ಅದೇ ಎರಡು ಕೋಟು. ಮೊದಲ ವಾರ ಕರ್ರಗೆ ಕಲ್ಲಿನಂತೆ ಕಂಡ ಫ್ಲೋರು, ಧಾರವಾಡದ ಜುಲೈ ಥಂಡಿಗೆ ಬೆವರಿತು. ಬೆಳಿಗ್ಗೆ ಬಾಗಿಲು ತೆಗೆದರೆ ಕಪ್ಪು ಪೊರೆಯ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ಹನಿಗಳು. ಉಗುರಿನಿಂದ ಒತ್ತಿದರೆ ಒಡೆದು ಕೆಳಗೆ ಕೆಂಪು ನೀರು. ಇದು ಬಾಟಲಿಯ ತಪ್ಪಲ್ಲ. ಪೊಟ್ಯಾಶ್ ಗೊಬ್ಬರವೆಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಸಂಬಂಧಿ. ಕ್ಲೋರೈಡ್ ತುಕ್ಕಿನ ತಳದಲ್ಲಿ, ಲೋಹದ ಮೈಗೆ ಅಂಟಿ ಕೂತಿರುತ್ತದೆ. ಗಾಳಿಯ ತೇವ ಎಳೆದುಕೊಂಡು ಮತ್ತೆ ಮತ್ತೆ ತುಕ್ಕು ಹುಟ್ಟಿಸುತ್ತದೆ. ಟ್ಯಾನಿನ್ ಕಬ್ಬಿಣದ ಆಕ್ಸೈಡನ್ನು ಹಿಡಿಯಬಲ್ಲದು, ಉಪ್ಪನ್ನು ಹಿಡಿಯಲಾರದು. ದನದ ಕೊಟ್ಟಿಗೆಯಲ್ಲಿ ಗಂಜಲ ತಾಗಿದ ಗಾಡಿಗಳಿಗೂ ಇದೇ ಗತಿ.

ಹಾಗಾಗಿ ಗೊಬ್ಬರ, ಉಪ್ಪು, ಗಂಜಲ ತಾಗಿದ ಕಡೆ ಮದ್ದಿಗಿಂತ ಮೊದಲು ನೀರು. ಬಿಸಿನೀರು, ಗಟ್ಟಿ ನೈಲಾನ್ ಬ್ರಶ್, ಕನಿಷ್ಠ ಮೂರು ಸಲ, ಪ್ರತಿ ಸಲವೂ ಪೂರ್ತಿ ಒಣಗಿಸಿ. ಬೋರಿನ ಸವಳು ನೀರಿನಲ್ಲಿ ತೊಳೆದರೆ ಇನ್ನೊಂದು ಉಪ್ಪು ಹಾಕಿದ ಹಾಗೆ. ಕೊನೆಯ ಸಲವಾದರೂ ಬ್ಯಾಟರಿಗೆ ಹಾಕುವ ನೀರು ಅಥವಾ ಹಿಡಿದಿಟ್ಟ ಮಳೆನೀರು. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ಹಳದಿ ಹನಿ ಕಂಡರೆ ಇನ್ನೊಮ್ಮೆ ತೊಳೆಯಿರಿ. ಹನಿ ನಿಂತ ಮೇಲೆಯೇ ಬಾಟಲಿ ತೆಗೆಯಿರಿ. ನಮ್ಮ ಫ್ಲೋರಿನ ಡ್ರೈವರ್ ಕಡೆಯ ಅರ್ಧ ಹೀಗೆ ಉಳಿಯಿತು. ಇನ್ನರ್ಧ ಸ್ಕ್ರೂಡ್ರೈವರ್ ಒತ್ತಿದರೆ ಆಚೆ ದಾಟುವಷ್ಟು ತೆಳುವಾಗಿತ್ತು. ಅದಕ್ಕೆ ಮದ್ದಿಲ್ಲ. ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ತಗಡು ಹಾಕಿ ಸಿಒ2 ವೆಲ್ಡಿಂಗ್. ಒಂದೇ ಎಳೆ ಎಳೆಯದೆ ಚುಕ್ಕೆ ಚುಕ್ಕೆಯಾಗಿ, ಎದುರುಬದುರು ಮೂಲೆಗಳಿಂದ, ಇಲ್ಲವಾದರೆ ಫ್ಲೋರು ಹಪ್ಪಳದಂತೆ ಮಡಚುತ್ತದೆ.

ಔಟ್‌ರಿಗ್ಗರ್ ವಿಷಯದಲ್ಲಿ ಎರಡೂ ಜಾತಿಯ ಮದ್ದು ನಾಪಾಸು, ಮತ್ತು ಇಲ್ಲಿ ಹಚ್ಚುವುದು ಅಪಾಯ ಕೂಡ. ಬಾಡಿ ಕೂತಿರುವುದೇ ಇವುಗಳ ಮೇಲೆ. ಪೆಟ್ಟಿಗೆಯಂಥ ಟೊಳ್ಳು ತೋಳು, ಮಣ್ಣು ಒಳಗೆ. ಎರಿಮಣ್ಣು ಒಮ್ಮೆ ನೀರು ಕುಡಿದರೆ ಸುಲಭಕ್ಕೆ ಬಿಡುವುದಿಲ್ಲ, ಹಾಗಾಗಿ ಹೊರಗೆ ಬೇಸಿಗೆ ಇದ್ದರೂ ಒಳಗೆ ಮಳೆಗಾಲ. ಹೊರಮೈಗೆ ಮದ್ದು ಹಚ್ಚಿ ಕಪ್ಪು ಮಾಡಿದರೆ ನೋಡಲು ಹೊಸದರಂತೆ ಕಾಣುತ್ತದೆ, ಒಳಗೆ ತಿನ್ನುವುದು ನಿಲ್ಲುವುದಿಲ್ಲ. ಹಳೆ ಹೆರಾಲ್ಡ್ ಕೊಳ್ಳುವವರು ಕೆಳಗೆ ಕರ್ರಗೆ ಹೊಳೆಯುವ ಚಾಸಿ ಕಂಡರೆ ಖುಷಿಪಡಬೇಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಠಣ್ ಅಂದರೆ ಲೋಹ ಇದೆ. ದಪ್ ಅಂದರೆ ಮಣ್ಣೂ ತುಕ್ಕೂ ಸೇರಿ ಗೋಡೆಯಾಗಿ ನಿಂತಿದೆ. ಬದಲಿಗೆ 16 ಗೇಜಿನಲ್ಲಿ ಹೊಸ ತೋಳು ಮಾಡಿಸಬೇಕು. ಬಾಡಿ ಚಾಸಿಯ ಮೇಲೆ ಇದ್ದಾಗಲೇ ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಮ್ಮೆಲೆ ಕತ್ತರಿಸಿದರೆ ಬಾಗಿಲಿನ ಸಂದು ಒಂದು ಕಡೆ ಬೆರಳು ಹೋಗುವಷ್ಟು, ಇನ್ನೊಂದು ಕಡೆ ಕಾಗದ ಹೋಗದಷ್ಟು ಆಗುತ್ತದೆ, ಆಮೇಲೆ ಯಾವ ಟಿಂಕರ್ ಬಂದರೂ ಸರಿಹೋಗದು. ಚಾಸಿ ನಂಬರ್ ಇರುವ ಕಡೆ ಗ್ರೈಂಡರ್ ಹೋಗುವ ಮೊದಲೇ ಫೋಟೊ ಮತ್ತು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡುವ 2021ರ ನಿಯಮ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು ಎನ್ನುತ್ತದೆ, ಆದ್ದರಿಂದ ತೋಳಿನ ಆಕಾರ, ಅಳತೆ ಹಳೆಯದರಂತೆಯೇ ಇರಲಿ.

ಬೋಲ್ಟುಗಳಿಗೆ ಬಾಟಲಿ ಬೇಡವೇ ಬೇಡ. ಹೆರಾಲ್ಡ್‌ನದು ಇಂಚಿನ ಅಳತೆ. ಅರ್ಧ ಇಂಚಿನ ಸ್ಪ್ಯಾನರ್ ಕೂರುವ ಕಡೆ 13 ಎಂಎಂನದ್ದು ಹಾಕಿದರೆ ತುಕ್ಕು ತಿಂದ ತಲೆ ಉರುಟಾಗುತ್ತದೆ. ಯುಎನ್ಎಫ್ ಹರಿಯ (ಇಂಚಿನ ಅಳತೆಯ ಸಣ್ಣ ಥ್ರೆಡ್ಡಿನ) ಬೋಲ್ಟ್ ಪೇಟೆಯಲ್ಲಿ ಬೇಕೆಂದಾಗ ಸಿಗುವುದಿಲ್ಲವಾದ್ದರಿಂದ ಹಳೆಯವನ್ನೇ ಉಳಿಸಿಕೊಳ್ಳಬೇಕು. ಅದಕ್ಕೆ ನಮ್ಮ ಕಡೆಯ ಕಾಕಂಬಿಯಷ್ಟು (ಸಕ್ಕರೆ ಕಾರ್ಖಾನೆಯ ಮೊಲಾಸಿಸ್) ಒಳ್ಳೆಯದು ಇನ್ನೊಂದಿಲ್ಲ. ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ ಎರಡು ಲೀಟರ್ ಕಾಕಂಬಿ, ಉಳಿದದ್ದು ನೀರು. ಬೋಲ್ಟು, ಬ್ರ್ಯಾಕೆಟ್ಟು, ಕೀಲುಗಳನ್ನು ತಂತಿಗೆ ಪೋಣಿಸಿ ಇಳಿಬಿಟ್ಟರೆ ವಾರ ಹತ್ತು ದಿನದಲ್ಲಿ ತುಕ್ಕು ಕೆಸರಾಗಿ ಕಳಚಿ ಬೂದುಬಣ್ಣದ ಲೋಹ ಉಳಿಯುತ್ತದೆ. ತುಕ್ಕು ಹೋದ ಮೇಲೂ ಮರೆತು ಬಿಟ್ಟರೆ ಒಳ್ಳೆ ಲೋಹವನ್ನೂ ನಿಧಾನಕ್ಕೆ ತಿನ್ನಬಹುದು, ಹರಿ ಸವೆಯಬಹುದು, ಹಾಗಾಗಿ ಆಗಾಗ ಎತ್ತಿ ನೋಡಿ. ಅಲ್ಯೂಮಿನಿಯಂ ಮತ್ತು ಜಿಂಕ್ ಎರಕದ ಭಾಗ, ಅಂದರೆ ಕಾರ್ಬುರೇಟರ್, ಪೆಟ್ರೋಲ್ ಪಂಪ್, ಬಾಗಿಲಿನ ಹಿಡಿಕೆ ಇವನ್ನು ಹಾಕಿದರೆ ತಿಂದುಬಿಡುತ್ತದೆ. ಬೋಲ್ಟಿನ ಮೇಲಿನ ಜಿಂಕ್ ಲೇಪವೂ ಹೋಗುತ್ತದೆ, ತೊಳೆದ ಕೂಡಲೇ ಒಣಗಿಸಿ ಎಣ್ಣೆ ಹಚ್ಚದಿದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ಕೆಂಪು. ಕಾಕಂಬಿ ಅಬಕಾರಿ ಹಿಡಿತದ ಸರಕು, ಸಕ್ಕರೆ ಕಾರ್ಖಾನೆಯ ಗೇಟಿಗೆ ಕ್ಯಾನ್ ಹಿಡಿದು ಹೋಗಬೇಡಿ. ದನದ ಮೇವಿಗೆ ಬೆರೆಸಲು ಮಾರುವುದನ್ನು ವಿಚಾರಿಸಿ. ಮುಚ್ಚಳ ಬಿಗಿಯಾಗಿರಲಿ. ಮೂರನೆ ದಿನಕ್ಕೆ ಹುಳಿ ಬಂದು ನಾತ ಓಣಿ ದಾಟುತ್ತದೆ, ಇರುವೆಯಂತೂ ಹೇಳಿ ಕಳಿಸಿದಂತೆ ಬರುತ್ತವೆ.

ಯಾವ ಮದ್ದನ್ನೂ ನಂಬಿ ಹಾಕಬಾರದ ಜಾಗಗಳಿವೆ. ಸ್ಪ್ರಿಂಗ್ ಪ್ಲೇಟಿಗೆ ಆಸಿಡ್ ಬೇಡ. ಹದ ಹಾಕಿದ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಬಿರುಕು ಬಿಡಬಹುದು. ಬ್ರೇಕ್ ಪೈಪಿನಲ್ಲಿ ಗುಳಿ ಬಿದ್ದಿದ್ದರೆ ಹೊಸ ಪೈಪೇ ಸರಿ. ಮುಂದಿನ ಚಕ್ರ ತಿರುಗುವ ಕೆಳಗಿನ ಕೀಲಾದ ಟ್ರನಿಯನ್‌ಗೆ ತಿರುಗುವ ಉಕ್ಕಿನ ಹರಿ ತುಕ್ಕು ತಿಂದಿದ್ದರೆ ಅದನ್ನು ಕಪ್ಪು ಮಾಡಿ ಮತ್ತೆ ಜೋಡಿಸುವುದು ಆತ್ಮಹತ್ಯೆ: ಅದು ಮುರಿದರೆ ಚಕ್ರ ಒಳಕ್ಕೆ ಮಡಚುತ್ತದೆ. ಅಲ್ಲಿ ಗ್ರೀಸ್ ತುಂಬಿದ್ದೇ ತುಕ್ಕಿಗೆ ಕಾರಣ. ಟ್ರನಿಯನ್‌ಗೆ ಬೇಕಾದದ್ದು ಇಪಿ90 ಗೇರ್ ಆಯಿಲ್.

ಪ್ರೈಮರ್ ವಿಷಯದಲ್ಲಿ ಹೆಚ್ಚಿನವರು ಎಡವುವುದು ಆಸಿಡ್ ಮೇಲೆ ಎಪಾಕ್ಸಿ (ಗಟ್ಟಿಕಾರಕ ಬೆರೆಸಿ ಹೊಡೆಯುವ ಪ್ರೈಮರ್) ಹೊಡೆಯುವಾಗ. ಗುಳಿಯಲ್ಲಿ, ತಗಡು ಮಡಚಿದ ಸಂದಿಯಲ್ಲಿ ಉಳಿದ ಆಸಿಡ್ ಎಪಾಕ್ಸಿಯನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ, ಒಂದೆರಡು ತಿಂಗಳಿಗೆ ಬಣ್ಣ ಹಾಳೆಯಂತೆ ಎದ್ದು ಬರುತ್ತದೆ. ಸಂದಿ ಇರುವ ಕಡೆ ಆಸಿಡ್ ಬಳಸದಿರುವುದೇ ಜಾಣತನ. ಬಾಗಿಲಿನ ಕೆಳ ಅಂಚಿಗೆ ಟ್ಯಾನಿನ್, ಬಯಲಾದ ಮೈಗೆ ಆಸಿಡ್. ಪುಟ್ಟಿ ಎಪಾಕ್ಸಿಯ ಮೇಲೆ ಬರಬೇಕು, ಕೆಳಗಲ್ಲ, ಯಾಕೆಂದರೆ ಪುಟ್ಟಿ ನೀರು ಹೀರುತ್ತದೆ. ಬರಿ ರೆಡ್ ಆಕ್ಸೈಡ್ ಹೊಡೆದು ಮಳೆಗೆ ನಿಲ್ಲಿಸಿದರೂ ನೀರು ತೂರಿ ಒಳಗೆ ಇಳಿಯುತ್ತದೆ. ಟೊಳ್ಳು ಜಾಗಗಳಿಗೆ ಸುಟ್ಟ ಆಯಿಲ್ ಸುರಿಯುವ ರೂಢಿ ಇಲ್ಲಿ ಹಳೆಯದು. ಅದರಲ್ಲಿ ಎಂಜಿನ್ನಿನ ಆಸಿಡ್ ಇರುತ್ತದೆ, ರಬ್ಬರ್ ಊದಿಸುತ್ತದೆ. ಅದರ ಬದಲು ಟೊಳ್ಳಿನೊಳಗೆ ಮೇಣದ ಪದರ ಕೂರಿಸುವ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಹಾಕಿ, ಬಾಗಿಲಿನ ತಳದ ನೀರು ಹೋಗುವ ತೂತು ಮುಚ್ಚದಂತೆ ಕಡ್ಡಿ ಆಡಿಸಿ.

ಹವಾಮಾನಕ್ಕೆ ಹೇಳುವುದಾದರೆ ನವೆಂಬರಿನಿಂದ ಫೆಬ್ರುವರಿ ಈ ಕೆಲಸಕ್ಕೆ ಬರೋಬ್ಬರಿ. ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಮದ್ದು ತುಕ್ಕಿನೊಳಗೆ ಇಳಿಯುವ ಮೊದಲೇ ಒಣಗುತ್ತದೆ. ಆಗ ಬೆಳಿಗ್ಗೆ ಒಂಬತ್ತರ ಒಳಗೆ, ನೆರಳಿನಲ್ಲಿ. ಮಳೆಯಲ್ಲಿ ಎರಡನೆ ಕೋಟು ಅಂಟಂಟಾಗೇ ಉಳಿಯುತ್ತದೆ.

ಅಂಕ ಕೊಡುವುದಾದರೆ ಬಯಲು ಮೈಯ ತೆಳು ತುಕ್ಕಿಗೆ ಆಸಿಡ್ ಜಾತಿ ಹತ್ತಕ್ಕೆ ಎಂಟು, ಸಂದಿ ಮತ್ತು ಒಳಮೈಗೆ ಟ್ಯಾನಿನ್ ಏಳು, ಬೋಲ್ಟಿಗೆ ಕಾಕಂಬಿ ಒಂಬತ್ತು. ಚಾಸಿಗೆ ಯಾವುದಕ್ಕೂ ಸೊನ್ನೆ. ಈ ಗಾತ್ರದ ಗಾಡಿಯ ಫ್ಲೋರು, ಡಿಕ್ಕಿ, ಬಾಗಿಲಿನ ಒಳಮೈಗೆ ಎರಡು ಕೋಟು ಟ್ಯಾನಿನ್ ಎಂದರೆ ಸುಮಾರು ಒಂದೂವರೆ ಲೀಟರ್. ಐದು ಲೀಟರಿನ ಕ್ಯಾನ್ ಅಗ್ಗವೆಂದು ತರಬೇಡಿ. ಬೇಕಾದಷ್ಟನ್ನೇ ಪ್ಲಾಸ್ಟಿಕ್ ಲೋಟಕ್ಕೆ ಬಗ್ಗಿಸಿಕೊಂಡು ಬ್ರಶ್ ಅದ್ದಿ, ಲೋಟದಲ್ಲಿ ಉಳಿದದ್ದನ್ನು ಚೆಲ್ಲಿ. ತುಕ್ಕಿನ ಪುಡಿ ಅಂಟಿದ ಬ್ರಶ್ಶನ್ನು ಒಮ್ಮೆ ಬಾಟಲಿಗೇ ಅದ್ದಿದರೂ ಸಾಕು, ಒಳಗಿನ ಬಿಳಿ ಹಾಲು ಬೂದಿಯಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಮೊಸರಿನಂತೆ ಹೆಪ್ಪುಗಟ್ಟಿ ಕೂತಿರುತ್ತದೆ.