ಫಹಾಕಾ ಪಫರ್‌ಗೆ ಯಾವ ಲೈಟ್ ಸರಿ? ನಾಲ್ಕು ಥರ ಹಾಕಿ ನೋಡಿದೆ

ನಮ್ಮನೆ ಹಾಲಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್, ಅದರಲ್ಲಿ ಒಂದೇ ಒಂದು ಫಹಾಕಾ ಪಫರ್, ಹೆದರಿದ್ರೆ ಮೈ ಉಬ್ಬಿಸ್ಕೊಳ್ಳೋ ಜಾತಿ ಮೀನು. ಹೆಸರು ಗುಂಡ. ಈಗ ಹತ್ತತ್ರ 25 ಸೆಂ.ಮೀ. ಇದ್ದಾನೆ, ಈ ಜಾತಿ ಪೂರ್ತಿ ಬೆಳೆದ್ರೆ 40 ದಾಟುತ್ತೆ. ನೈಲ್, ನೈಜರ್, ವೋಲ್ಟಾ ಅಂತ ಆಫ್ರಿಕಾದ ನದಿಗಳ ಮೀನು ಇದು, ಜೊತೆಗೆ ಇನ್ಯಾರನ್ನ ಬಿಟ್ರೂ ಕಚ್ಚಿ ಹಾಕುತ್ತೆ, ಅದಕ್ಕೇ ಒಬ್ಬನೇ ಇರೋದು.

ಹೋದ ವರ್ಷ ಇವನು ದಿನಾ ಗಾಜಿಗೆ ಮೂತಿ ಒತ್ಕೊಂಡು ಮೇಲಕ್ಕೆ ಕೆಳಕ್ಕೆ ಮೇಲಕ್ಕೆ ಕೆಳಕ್ಕೆ ಅಂತ ಗಂಟೆಗಟ್ಟಲೆ ಓಡಾಡೋನು, ಬೆಳ್ಳಗಿರಬೇಕಾದ ಹೊಟ್ಟೆ ಮಸಿ ಬಳಿದ ಹಾಗೆ ಕಪ್ಪಾಗೋದು. ನೀರು ಟೆಸ್ಟ್ ಮಾಡಿದ್ರೆ ಮೀನಿಗೆ ವಿಷ ಆಗೋ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಫಿಲ್ಟರ್ ಬಿಚ್ಚಿ ನೋಡಿದೆ, ಮರಳು ಬದಲಾಯಿಸಿದೆ, ಏನೂ ಪ್ರಯೋಜನ ಆಗ್ಲಿಲ್ಲ. ಲೈಟ್ ಕಡೆ ಗಮನ ಹೋಗಿದ್ದು ಕೊನೇಗೆ. ಆಮೇಲೆ ಊಟ, ನೀರು ಬದಲಾಯಿಸೋ ದಿನ, ಟೆಂಪರೇಚರ್ ಯಾವುದನ್ನೂ ಮುಟ್ಟದೆ ಬರೀ ಲೈಟ್ ಬದಲಾಯಿಸ್ತಾ ಒಂದೊಂದಕ್ಕೂ ಮೂರು ವಾರ ಕೊಟ್ಟೆ, ಹೊಸದಕ್ಕೆ ಹೆದರಿಕೊಂಡಿರ್ತಾನೆ ಅಂತ ಮೊದಲನೇ ವಾರ ಲೆಕ್ಕಕ್ಕೆ ಹಿಡೀಲಿಲ್ಲ.

ಮೊದಲಿಂದ ಇದ್ದಿದ್ದು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳೀ ಎಲ್ಇಡಿ, ಫುಲ್ ಬ್ರೈಟು, ಗಿರಗಿರ ತಿರುಗಿಸಿ ಸೆಟ್ ಮಾಡೋ ಟೈಮರ್ ಜೊತೆ. ಫೋಟೋಗೆ ಇದರಷ್ಟು ಚೆನ್ನಾಗಿರೋದು ಯಾವುದೂ ಇಲ್ಲ, ಮೈ ಮೇಲಿನ ಹಳದಿ ಪಟ್ಟೆ ಎದ್ದು ಕಾಣುತ್ತೆ, ಕಣ್ಣಿನ ಮೇಲೆ ನವಿಲುಗರಿ ಥರ ನೀಲಿ-ಹಸಿರು ಹೊಳಪು ಬರುತ್ತೆ. ಆದ್ರೆ ಮೀನು ಮಾತ್ರ ಹಗಲೆಲ್ಲಾ ಮರದ ಬೊಡ್ಡೆ ಹಿಂದೆ. ಸಂಜೆ ಏಳರ ಮೇಲೆ ಹಾಲ್ ಕತ್ತಲಾಯ್ತು ಅಂದ್ರೆ ಗಾಜು ಉಜ್ಜೋದು ಶುರು. ಒಂದಿನ ಟ್ಯಾಂಕ್ ಪಕ್ಕ ಕೂತು ಅವನ ಕಣ್ಣಿನ ಮಟ್ಟಕ್ಕೆ ತಲೆ ಇಟ್ಟು ಓರೆಯಾಗಿ ನೋಡಿದೆ, ಒಳಗೆ ಬೆಳಕು ಹೊರಗೆ ಕತ್ತಲೆ ಇದ್ದಿದ್ದಕ್ಕೆ ಆ ಕಡೆ ಗಾಜು ಪೂರ್ತಿ ಕನ್ನಡಿ ಆಗ್ಬಿಟ್ಟಿತ್ತು, ಅದರಲ್ಲಿ ಇನ್ನೊಬ್ಬ ಗುಂಡ! ತನ್ನ ಜಾತಿಯವನನ್ನೇ ಸಹಿಸದ ಮೀನಿಗೆ ದಿನಾ ರಾತ್ರಿ ಎದುರಾಳಿ ಕಾಣಿಸ್ತಿದ್ದ. ಎದ್ದು ಹಾಲಿನ ಟ್ಯೂಬ್‌ಲೈಟ್ ಹಾಕಿದೆ, ಐದು ನಿಮಿಷದಲ್ಲಿ ಓಡಾಟ ನಿಲ್ತು.

ಇನ್ನೊಂದು ತೊಂದರೆ ನಮ್ಮ ಕರೆಂಟಿಂದು. ಕರೆಂಟ್ ಹೋದಷ್ಟು ಹೊತ್ತೂ ಈ ಥರ ಟೈಮರ್ ನಿಂತೇ ಇರುತ್ತೆ, ಅಷ್ಟು ಹಿಂದೆ ಬೀಳುತ್ತೆ. ಒಂದು ಮಳೆ ದಿನ ಸಂಜೆಯಿಂದ ಕರೆಂಟಿಲ್ಲ, ರಾತ್ರಿ ಎರಡಕ್ಕೆ ಬಂತು, ಟೈಮರ್ ಪ್ರಕಾರ ಇನ್ನೂ ಸಂಜೆ, ಮಲಗಿದ್ದ ಮೀನಿನ ತಲೆ ಮೇಲೆ ಫುಲ್ ಲೈಟ್ ಭಗ್ ಅಂತು. ಧಡ್ ಅಂತ ಮುಚ್ಚಳಕ್ಕೆ ಹೊಡೆದ ಸದ್ದಿಗೆ ನಾನು ಎದ್ದು ಬಂದ್ರೆ ಇವನು ಚೆಂಡಿನ ಥರ ಉಬ್ಕೊಂಡು ಮೂಲೇಲಿ ತೇಲ್ತಿದ್ದ. ಲೈಟ್ ಆರಿಸಿ, ಅವನು ಇಳಿಯೋವರೆಗೂ ಪಕ್ಕದಲ್ಲೇ ಕೂತಿದ್ದೆ. ಹೆಚ್ಚಿನ ಮೀನುಗಳ ಕಣ್ಣಿನ ಪಾಪೆ ನಮ್ಮ ಹಾಗೆ ಬೆಳಕಿಗೆ ಕಿರಿದಾಗಲ್ಲ, ಕಣ್ಣೊಳಗಿನ ಕೋಶಗಳು ಜಾಗ ಬದಲಾಯಿಸಿ ಹೊಂದ್ಕೋಬೇಕು, ಅದಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತೆ. ಕೆಲವು ಪಫರ್ ಜಾತಿಗಳಲ್ಲಿ ಬೆಳಕು ಜಾಸ್ತಿಯಾದಾಗ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ (ಕಾರ್ನಿಯಾ) ಹಳದಿ ಬಣ್ಣ ಹರಡಿಕೊಂಡು ಕೂಲಿಂಗ್ ಗ್ಲಾಸ್ ಥರ ಕೆಲಸ ಮಾಡುತ್ತೆ, ಅದೂ ನಿಧಾನಕ್ಕೇ ಆಗೋದು. ಒಂದೇ ಸಲಕ್ಕೆ ಸ್ವಿಚ್ ಹಾಕಿದ್ರೆ ಪಾಪ ಅದೇನು ಮಾಡುತ್ತೆ?

ಎರಡನೇದು ರಾತ್ರಿಯಿಡೀ ನೀಲಿ ಮೂನ್‌ಲೈಟ್. ನೋಡೋಕೆ ಸಕತ್ತಾಗಿತ್ತು, ಪಕ್ಕದ ಮನೆ ಮಕ್ಕಳು ಅದನ್ನ ನೋಡೋಕೇ ಬರೋರು. ಆದ್ರೆ ಗುಂಡ ಸಾಮಾನ್ಯವಾಗಿ ಬಾಲ ಮಡಚಿಕೊಂಡು ಮರಳ ಮೇಲೆ ಮಲಗೋನು, ನೀಲಿ ಲೈಟಲ್ಲಿ ನಡುರಾತ್ರಿ ಒಂದು ಗಂಟೆಗೂ ಸುತ್ತು ಹೊಡೀತಿದ್ದ, ಬೆಳಗ್ಗೆ ಸೀಗಡಿ ಹಾಕಿದ್ರೆ ನೋಡಿ ಸುಮ್ನಾಗೋನು. ಮಲಗೋ ಮುಂಚೆ ಒಂದು ಗಂಟೆ ಓಕೆ, ರಾತ್ರಿಯಿಡೀ ದಯವಿಟ್ಟು ಬೇಡ.

ಮೂರನೇದು ಲೈಟೇ ಇಲ್ದೆ ಬರೀ ಕಿಟಕಿ ಬೆಳಕು. ಇದು ಇಷ್ಟು ಚೆನ್ನಾಗಿ ವರ್ಕ್ ಆಗುತ್ತೆ ಅಂದ್ಕೊಂಡಿರ್ಲಿಲ್ಲ, ಹಗಲು ಹಾಲಲ್ಲೂ ಟ್ಯಾಂಕಲ್ಲೂ ಒಂದೇ ಬೆಳಕು ಇರೋದ್ರಿಂದ ಕನ್ನಡಿ ಇಲ್ಲ, ಓಡಾಟ ಹೆಚ್ಚುಕಮ್ಮಿ ನಿಂತೇ ಹೋಯ್ತು, ಹೊಟ್ಟೆ ಬೆಳ್ಳಗಾಯ್ತು. ಕೊರತೆ ಏನಂದ್ರೆ ಮೋಡ ಕವಿದ ದಿನ ಮೀನೇ ಕಾಣಲ್ಲ, ಮೈ ಮೇಲೆ ಗಾಯ ಆದ್ರೂ ಗೊತ್ತಾಗಲ್ಲ, ಕಿಟಕಿ ಮುಂದೆ ಯಾರಾದ್ರೂ ಹಾದು ಹೋದ್ರೆ ನೆರಳಿಗೆ ಬೆಚ್ಚಿ ಬೀಳ್ತಾನೆ. ದುಡ್ಡು ಖರ್ಚು ಮಾಡೋದು ಬೇಡ ಅನ್ನೋರಿಗೆ ಮೊದಲನೇದಕ್ಕಿಂತ ಇದು ಎಷ್ಟೋ ಪಾಲು ಮೇಲು, ನೇರ ಬಿಸಿಲು ಮಾತ್ರ ಬೀಳಬಾರ್ದು.

ಈಗ ಇಟ್ಕೊಂಡಿರೋದು ನಾಲ್ಕನೇದು. 3000 ಕೆಲ್ವಿನ್ ಹಳದಿ ಬೆಳಕಿನ ಎಲ್ಇಡಿ, ಡಿಮ್ಮರ್ ಹಾಕಿ ಅರ್ಧಕ್ಕಿಂತ ಕಮ್ಮಿ, ಹತ್ತೋಕೂ ಆರೋಕೂ 40 ನಿಮಿಷ ತಗೊಳ್ಳೋ ಥರ ಸೆಟ್ಟಿಂಗ್, ಮೇಲೆ ಅರ್ಧ ಟ್ಯಾಂಕ್ ಅಂತರಗಂಗೆ. ಗಿಡ ಫಿಲ್ಟರ್ ನೀರಿಗೆ ಸಿಕ್ಕಿ ಮುಳುಗಬಾರ್ದು ಅಂತ ಏರ್ ಪೈಪ್ ಸುತ್ತಿ ಬಳೆ ಮಾಡಿ ಅದರೊಳಗೆ ಬಿಟ್ಟಿದ್ದೀನಿ, ಬೇರನ್ನ ಆಗಾಗ ಕಚ್ಚಿ ಎಳೀತಾನೆ, ಎಳೀಲಿ. ಬೇರಿನ ನೆರಳು ಮರಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತಲ್ಲ, ಅಲ್ಲೇ ನಿಂತ್ಕೊಂಡು ಒಂದು ಕಣ್ಣು ನನ್ನ ಕಡೆ, ಇನ್ನೊಂದು ಕಣ್ಣು ಬಸವನಹುಳು ಕಡೆ. ಆಮೇಲೆ ಕಟಕ್ ಅಂತ ಚಿಪ್ಪು ಒಡೆದ ಸದ್ದು ಸೋಫಾವರೆಗೂ ಕೇಳುತ್ತೆ. ಬಣ್ಣ ಬಿಳೀ ಲೈಟಿನಷ್ಟು ಎದ್ದು ಕಾಣಲ್ಲ ನಿಜ, ಆದ್ರೆ ಮೀನು ಬಚ್ಚಿಟ್ಕೊಳ್ಳದೆ ಎದುರಿಗೇ ಇರುತ್ತೆ.

ಮನಸ್ಸಿನ ಸಮಾಧಾನಕ್ಕೆ ಅಂತ ಒಂದು ಸಲ ವಾಪಸ್ ಹಳೇ ಬಿಳೀ ಲೈಟ್ ಹಾಕಿದೆ, ಗಿಡಾನೂ ತೆಗೆದೆ. ಮೂರನೇ ಸಂಜೆಗೇ ಮತ್ತೆ ಗಾಜಿನ ಹತ್ರ ಮೇಲಕ್ಕೆ ಕೆಳಕ್ಕೆ. ನೋಡೋಕಾಗದೆ ಅವತ್ತೇ ಕಿತ್ತುಹಾಕಿದೆ.

ಹೊಸ ಲೈಟ್ ತಗೊಳ್ಳೋಕೆ ಆಗಲ್ಲ ಅನ್ನೋರು ಇಷ್ಟಾದ್ರೂ ಮಾಡಿ: ಬೆಳಗ್ಗೆ ಮೊದಲು ರೂಮಿನ ಕರ್ಟನ್ ತೆಗೀರಿ, ಅರ್ಧ ಗಂಟೆ ಬಿಟ್ಟು ಟ್ಯಾಂಕ್ ಲೈಟ್ ಹಾಕಿ. ರಾತ್ರಿ ಮೊದಲು ಟ್ಯಾಂಕ್ ಲೈಟ್ ಆರಿಸಿ, ರೂಮಿನ ಟ್ಯೂಬ್‌ಲೈಟ್ ಆಮೇಲೆ. ನಮ್ಮನೇಲಿ ಒಂಬತ್ತಕ್ಕೆ ಟ್ಯಾಂಕ್ ಲೈಟ್ ಪೂರ್ತಿ ಆರುತ್ತೆ, ಒಂಬತ್ತೂವರೆಗೆ ಅಮ್ಮ ಹಾಲಿನ ಲೈಟ್ ಆರಿಸೋಕೆ ಬರೋ ಹೊತ್ತಿಗೆ ಗುಂಡ ಬೊಡ್ಡೆ ಪಕ್ಕ ಮರಳಲ್ಲಿ ಹೊಟ್ಟೆ ಊರಿ ಬಾಲ ಮಡಚ್ಕೊಂಡಿರ್ತಾನೆ.