ಡಿಕ್ಕಿಯ ಗೀರಿಗೆ ಎಣ್ಣೆಯೋ, ಬಿಸಿಗಾಳಿಯೋ?

ಮಗನ ಸೈಕಲ್ಲನ್ನು ಎರಡು ವರ್ಷ ಡಿಕ್ಕಿಗೆ ತುರುಕಿ ಓಡಾಡಿದ್ದಕ್ಕೆ ಒಳಗಿನ ಕಪ್ಪು ಪ್ಲಾಸ್ಟಿಕ್ ಮೇಲೆಲ್ಲ ಬೆಕ್ಕು ಪರಚಿದ ಹಾಗೆ ಬಿಳಿ ಗೀರು. ಕಾರು ಮಾರೋಣ ಅಂತ ಹೊರಟಾಗ ಕಣ್ಣಿಗೆ ಚುಚ್ಚಿದ್ದೇ ಅದು.

ಮೊದಲು ಕೊಬ್ಬರಿ ಎಣ್ಣೆ, ಮನೆಯಲ್ಲೇ ಇತ್ತಲ್ವಾ. ಸವರಿದ ಕೂಡಲೇ ಗೀರು ಮಾಯ. ನಾಲ್ಕನೇ ದಿನ ಗೀರು ವಾಪಸ್, ಮೇಲೆ ಧೂಳು ಬೇರೆ ಮೆತ್ತಿಕೊಂಡಿತ್ತು. ಬಿಸಿಲಲ್ಲಿ ನಿಲ್ಲಿಸಿದರೆ ಕಾರಿನ ತುಂಬ ಎಣ್ಣೆಸ್ನಾನದ ವಾಸನೆ.

ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಸಿಲಿಕೋನ್ ಡ್ಯಾಶ್‌ಬೋರ್ಡ್ ಪಾಲಿಶ್. ಇದೂ ಎಣ್ಣೆಯ ಅಣ್ಣನೇ, ಮುಚ್ಚಿಡುತ್ತದೆ ಅಷ್ಟೇ. ಆದರೆ ಮೂರು ವಾರ ತಡೆಯಿತು, ಜಿಗುಟೂ ಕಮ್ಮಿ. ಸ್ಟೀರಿಂಗ್, ಪೆಡಲ್‌ಗೆ ಮಾತ್ರ ತಾಗಿಸಬೇಡಿ, ಜಾರುತ್ತದೆ.

ನಿಜವಾಗಿ ಕೆಲಸ ಮಾಡಿದ್ದು ಹೀಟ್ ಗನ್, ಅಂದರೆ ಹೇರ್ ಡ್ರೈಯರ್‌ಗಿಂತ ಎಷ್ಟೋ ಬಿಸಿ ಗಾಳಿ ಊದುವ ಉಪಕರಣ. ಈ ತರಿತರಿ ಪ್ಲಾಸ್ಟಿಕ್‌ಗೆ ಬಣ್ಣ ಮೇಲೆ ಬಳಿದಿರುವುದಿಲ್ಲ, ಒಳಗಿನವರೆಗೂ ಅದೇ ಕಪ್ಪು. ಗೀರು ಬಿದ್ದಲ್ಲಿ ಮೇಲ್ಮೈ ಒರಟಾಗಿ ಬೆಳಕು ಚದುರುತ್ತದೆ, ಅದಕ್ಕೇ ಬಿಳಿ ಕಾಣುವುದು. ಬಿಸಿ ತಾಗಿದರೆ ಆ ಒರಟು ಮೆತ್ತಗಾಗಿ ಕೂತುಬಿಡುತ್ತದೆ. ಹೆಂಡತಿಯ ಹೇರ್ ಡ್ರೈಯರ್‌ನಲ್ಲಿ ಹತ್ತು ನಿಮಿಷ ಊದಿದೆ, ಏನೂ ಆಗಲಿಲ್ಲ, ಬೈಗುಳ ಮಾತ್ರ ಸಿಕ್ಕಿತು. ಪಕ್ಕದ ಮನೆಯವರ ಹೀಟ್ ಗನ್ ಇಸ್ಕೊಂಡು, ಒಂದು ಗೇಣು ದೂರ ಹಿಡಿದು, ಕೈ ನಿಲ್ಲಿಸದೆ ಆಡಿಸಿದಾಗ ಸಣ್ಣ ಗೀರುಗಳು ಕಣ್ಣೆದುರೇ ಕಪ್ಪಾದವು. ತಿಂಗಳುಗಳಾದರೂ ತಿರುಗಿ ಬಂದಿಲ್ಲ. ಮೊದಲು ಶಾಂಪೂ ನೀರಲ್ಲಿ ತೊಳೆದು ಒಣಗಿಸಲೇಬೇಕು, ನನಗಂತೂ ಆ ಕೊಬ್ಬರಿ ಎಣ್ಣೆ ತೆಗೆಯುವುದೇ ಅರ್ಧ ದಿನದ ಕೆಲಸವಾಯಿತು. ಇಲ್ಲಿ ಜಾಸ್ತಿ ಬಳಸುವ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಗನ್ನಿನ ಬಾಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಏರ್‌ಬ್ಯಾಗ್ ಇರುವ ಕಡೆ ಇದನ್ನು ತರಲೇಬೇಡಿ.

ಗೇರ್ ಸುತ್ತ ಇರುವ ಹೊಳಪಿನ ಕಪ್ಪು ಪ್ಲಾಸ್ಟಿಕ್, ಅಂದರೆ ಪಿಯಾನೋ ಬ್ಲ್ಯಾಕ್, ಅದರ ಕಥೆಯೇ ಬೇರೆ. ಅಲ್ಲಿನ ಕೂದಲೆಳೆಯಂಥ ಗೀರುಗಳೆಲ್ಲ ನಾವೇ ಒಣ ಬಟ್ಟೆಯಲ್ಲಿ ಧೂಳು ಒರೆಸಿ ಮಾಡಿಕೊಂಡವು. ಇದಕ್ಕೆ ಬಿಸಿ ಬೇಡ. ಪ್ಲಾಸ್ಟಿಕ್ ಪಾಲಿಶಿಂಗ್ ಪೇಸ್ಟನ್ನು ಮೈಕ್ರೋಫೈಬರ್ ಬಟ್ಟೆಗೆ ಬಟಾಣಿ ಕಾಳಿನಷ್ಟು ಹಾಕಿ ಎರಡು ಸಲ ಉಜ್ಜಿದೆ, ಮುಕ್ಕಾಲು ಪಾಲು ಹೋಯಿತು. ಅದೇ ಹುಮ್ಮಸ್ಸಿನಲ್ಲಿ ಡಿಕ್ಕಿಯ ತರಿ ಪ್ಲಾಸ್ಟಿಕ್‌ಗೂ ಉಜ್ಜಿ ನೋಡಿದೆ. ಸಂದಿಗಳಲ್ಲೆಲ್ಲ ಬಿಳಿ ಪೇಸ್ಟ್ ಕೂತು, ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಸಂಜೆ ಹಾಳು.

ಡೋರ್ ಪ್ಯಾಡಿಗೆ ವಿನೈಲ್ ಸ್ಟಿಕ್ಕರ್ ಹಾಕಿಸಿದ್ದೂ ಆಯಿತು. ಒಂದು ಬೇಸಿಗೆಗೆ ಅಂಚು ಎದ್ದಿತು.

ಸೈಕಲ್ ಪೆಡಲ್ ಆಳವಾಗಿ ಕೆತ್ತಿದ ಎರಡು ಗೀರಿಗೆ ಯಾವುದೂ ನಾಟಲಿಲ್ಲ, ಅಲ್ಲಿ ಪ್ಲಾಸ್ಟಿಕ್ಕೇ ಹೋಗಿದೆ. ಇನ್ನೊಂದು ಕಡೆ ಫೋನ್ ಬಂತು ಅಂತ ಗನ್ ಆಡಿಸುವ ಕೈ ಒಂದು ಕ್ಷಣ ನಿಲ್ಲಿಸಿದ್ದಕ್ಕೆ ತರಿಯೆಲ್ಲ ಕರಗಿ ರೂಪಾಯಿ ಅಗಲ ಕನ್ನಡಿಯ ಹಾಗೆ ಮಿಂಚುತ್ತಿದೆ. ಅದರ ಮುಂದೆ ಜಾಕಿನ ಚೀಲ ಇಟ್ಟಿದ್ದೇನೆ. ನೋಡೋಕೆ ಬಂದವರು ಅದನ್ನು ಎತ್ತದಿದ್ದರೆ ಸಾಕು.