ಎದ್ದ ನೇಲ್ ಮ್ಯಾಲ ಗಮ್ ಹಾಕಿಸ್ಕೋಬ್ಯಾಡ್ರಿ, ಕಲಬುರಗಿ ಮದುವಿ ಸೀಜನ್‌ಗೆ ಒಂದು ಎಚ್ಚರಿಕೆ

ಮದುವಿ ಸೀಜನ್ ಬಂತು. ಈಗ ಕಲಬುರಗ್ಯಾಗ ಎಷ್ಟೋ ಪಾರ್ಲರ್‌ನಾಗ ಬ್ರೈಡಲ್ ಪ್ಯಾಕೇಜ್ ಅಂದ್ರ ಮೇಕಪ್, ಮೆಹಂದಿ, ಸೀರಿ ಉಡ್ಸೋದು ಅಷ್ಟೇ ಅಲ್ಲ, ನೇಲ್ ಎಕ್ಸ್‌ಟೆನ್ಷನ್ನೂ (ಸ್ವಂತ ಉಗುರಿನ ಮ್ಯಾಲ ಕೂಡ್ಸೋ ಉದ್ದನ ಕೃತಕ ಉಗುರು) ಸೇರಿಸೇ ರೇಟ್ ಹೇಳ್ತಾರ. ಹಾಕಿಸ್ಕೋಬ್ಯಾಡ್ರಿ ಅಂತ ನಾ ಹೇಳಲ್ಲ, ಛಂದ ಕಾಣ್ತಾವ, ಮದುವಿ ಹುಡುಗಿಗೆ ಆಸೆ ಇರ್ತದ. ಆದ್ರ ನಮ್ಮ ತಂಗಿ ಹೆಬ್ಬಟ್ಟಿನ ಉಗುರು ಹಸಿರು ಆಗಿದ್ದು ನೋಡಿದ ಮ್ಯಾಲ ಸುಮ್ನಿರೋಕ್ಕಾಗಲಿಲ್ಲ, ಅದಕ್ಕ ಬರೀಲತ್ತೀನಿ. ನೇಲ್ ಪಾಲಿಶ್ ಹಸಿರಲ್ಲ್ರಿ, ಉಗುರಿನೊಳಗಿಂದ ಪಾಚಿ ಹಿಡದಂಗ ಹಸಿರು.

ಮದುವಿ ಮೇ ತಿಂಗಳಾಗಿತ್ತು, ನಮ್ಮೂರ ಬಿಸಿಲು ನಿಮಗ ಗೊತ್ತೇ ಅದ, ಕೈ ಒರಸ್ಕೊಂಡಷ್ಟೂ ಬೆವರು. ಹಿಂದಿನ ರಾತ್ರಿ ಮೆಹಂದಿ, ಬಣ್ಣ ಗಾಢ ಬರ್ಲಿ ಅಂತ ನೀಲಗಿರಿ ಎಣ್ಣಿ, ಮುಂಜಾನೆ ಅರಿಷಿಣ ಹಚ್ಚೋ ಶಾಸ್ತ್ರ, ಅದ್ರಾಗೂ ಎಣ್ಣಿ, ಮಧ್ಯಾಹ್ನ ಅಲ್ಲಿಂದ ಸೀದಾ ಪಾರ್ಲರ್‌ಗೆ. ಅಲ್ಲಿದ್ದ ಹುಡುಗಿ ಒಂದು ಟಿಶ್ಯೂ ತಗೊಂಡು ಉಗುರು ಒರೆಸಿದ್ಲು, ಡ್ರಿಲ್ ಮಷೀನ್ ತಗೊಂಡು ಮ್ಯಾಲಿಂದ ಗರಗರ ತಿಕ್ಕಿದ್ಲು, ಟಿಪ್ (ಪ್ಲಾಸ್ಟಿಕ್ ಉಗುರಿನ ತುದಿ) ಅಂಟಿಸಿ ಅದರ ಮ್ಯಾಲ ಆಕ್ರಿಲಿಕ್, ಅಂದ್ರ ಲಿಕ್ವಿಡ್ ಮತ್ತ ಪೌಡರ್ ಕಲಸಿ ಮಾಡೋ ಗಟ್ಟಿಯಾಗೋ ಲೇಪ, ಬಳಿದ್ಲು. ವಾಸನಿ ಎಂಥಾದ್ದು ಅಂದ್ರ ಬಾಗಿಲದಾಗ ನಿಂತ ನನಗೂ ಕಣ್ಣಾಗ ನೀರು ಬಂತು. ತಂಗಿ ಎರಡು ಸಲ ಸುಡ್ತದ ಅಂದ್ಲು, ಆ ಪಾರ್ಲರ್ ಹುಡುಗಿ "ಹಂಗೇ ಇರ್ತದ ಅಕ್ಕ" ಅಂದು ಮುಂದುವರಸಿದ್ಲು. ತಾಸಿನೊಳಗ ಎರಡೂ ಕೈ ಮುಗೀತು. ಫೋಟೋದಾಗ ಮಾತ್ರ ಭಾಳ ಛಂದ ಬಂದಾವ್ರಿ, ಅದು ಖರೇ.

ಮದುವಿ ಆಗಿ ವಾರ ತುಂಬಿದ್ದಿಲ್ಲ, ಅಫಜಲಪುರ ಕಡಿ ಗಂಡನ ಮನಿಯಿಂದ ಫೋನ್ ಮಾಡಿದ್ಲು, ತಲಿ ಬಾಚ್ಕೊಳೋವಾಗ ಕೂದಲು ಉಗುರಿನ ಬುಡದಾಗ ಸಿಕ್ಕೊಂಡು ಕಿತ್ತು ಬರ್ತಾವ ಅಂತ. ಇದನ್ನ ನೆನಪಿಡ್ರಿ, ಕಣ್ಣಿಗಿ ಕಾಣೋಕ್ಕಿಂತ ಮೊದಲೇ ಎಷ್ಟೋ ಸಲ ಕೂದಲಿಗಿ ಗೊತ್ತಾಗ್ತದ. ಆಮ್ಯಾಲ ವಿಡಿಯೋ ಕಾಲ್‌ನಾಗ ತೋರ್ಸಿದ್ಲು, ಬುಡದಾಗ ಬೆಳ್ಳನ ಗೆರಿ, ಅಂದ್ರ ಹಾಕಿದ ನೇಲ್ ಅಲ್ಲಿ ಸ್ವಂತ ಉಗುರಿನಿಂದ ಬಿಟ್ಟು ಎದ್ದಿತ್ತು, ಒಂದೆರಡು ಬೆರಳಿಗಲ್ಲ, ಹೆಚ್ಚುಕಡಿಮಿ ಎಲ್ಲಾ ಬೆರಳಿಗೂ. ಹೆಬ್ಬಟ್ಟಿನ ಸಂದ್ಯಾಗ ಜ್ವಾಳದ ಹಿಟ್ಟು ಹೋಗಿ ಒಣಗಿ ಗಟ್ಟಿಯಾಗಿ ಕುಂತಿತ್ತು, ಸೇಫ್ಟಿ ಪಿನ್ ತಗೊಂಡು ಅದನ್ನ ತೆಗೀಲತ್ತಿದ್ಲು, ನೋಡಿ ನನ್ನ ಮೈ ಝುಮ್ ಅಂತು.

ಪಾರ್ಲರ್‌ಗೆ ಫೋನ್ ಹಚ್ಚಿದ್ರ ಏನ್ ಹೇಳಿದ್ರು ಗೊತ್ತಾ? "ನೀವು ರೊಟ್ಟಿ ಬಡದೀರಿ, ಭಾಂಡಿ ತೊಳದೀರಿ, ಅದಕ್ಕ ಎದ್ದಾವ, ನಮ್ದೇನೂ ತಪ್ಪಿಲ್ಲ." ಹೊಸ ಮದುಮಗಳು, ಅತ್ತಿ ಮುಂದ ಉಗುರಿನ ಸಲುವಾಗಿ ಮೊದಲೇ ಮುಜುಗರ, ಮ್ಯಾಲ ಇದೂ ತನ್ನದೇ ತಪ್ಪು ಅಂತ ಕೇಳ್ಬೇಕು. ತವರಿಗೆ ಬಂದಾಗ ಅಲ್ಲಿಗೇ ಹೋದ್ಲು. ಅವರು ಎದ್ದಿದ್ದನ್ನ ತೆಗೀಲಿಲ್ಲ, ತೊಳೀಲಿಲ್ಲ, ಸಂದ್ಯಾಗ ಗಮ್ಮಿನ ಟ್ಯೂಬ್ ಹಿಂಡಿ ಒತ್ತಿ ಹಿಡದು "ಆಯ್ತು ನೋಡ್ರಿ" ಅಂದ್ರು, ಅದಕ್ಕೂ ರೊಕ್ಕ ತಗೊಂಡ್ರು. ಮುಂದ ಕೆಲವು ವಾರಕ್ಕ ಆಕ್ರಿಲಿಕ್ ಕೆಳಗ ಹಸಿರು ಕಲಿ ಕಾಣ್ತು.

ಹೈದರಾಬಾದ್‌ನಾಗ ನೇಲ್ ಕೆಲಸನೇ ಮಾಡೋ ನಮ್ಮ ಅತ್ತಿ ಮಗಳು ಅದಾಳ, ಅಕಿಗಿ ಫೋಟೋ ಕಳ್ಸಿದೆ. ಅಕಿ ಕೇಳಿದ ಮೊದಲ ಪ್ರಶ್ನಿ "ಎಲ್ಲಿಂದ ಎದ್ದದ, ಎಷ್ಟು ದಿನಕ್ಕ ಎದ್ದದ?" ಅಂತ. ನೀವೂ ಇದನ್ನೇ ಮೊದಲು ನೋಡ್ರಿ, ಯಾರು ಏನೇ ಹೇಳ್ಲಿ. ಬುಡದಿಂದ, ಅಂದ್ರ ಕ್ಯುಟಿಕಲ್ ಕಡಿಯಿಂದ, ಎಲ್ಲಾ ಬೆರಳಿಗೂ, ಹಾಕಿದ ವಾರದೊಳಗೇ ಎದ್ರ ಅದು ಬಹಳ ಮಾಡಿ ಹಾಕಿದವರ ಕೆಲಸದ ತಪ್ಪು. ಎರಡು ಮೂರು ವಾರ ಗಟ್ಟಿ ಇದ್ದು, ಒಂದೆರಡು ಬೆರಳಿಗಿ ಮಾತ್ರ, ತುದಿಯಿಂದ ಇಲ್ಲಾ ಬದಿಯಿಂದ ಬಿಟ್ರ ಆವಾಗ ಮನಿ ಕೆಲಸ, ಉಗುರಿನ ಉದ್ದ, ಡಬ್ಬಿ ಮುಚ್ಚಳ ಮೀಟೋದು, ಕುಂತಲ್ಲೇ ಕೆರಕೊಳ್ಳೋದು, ಇವೆಲ್ಲ ಲೆಕ್ಕಕ್ಕ ಬರ್ತಾವ.

ಯಾಕಂದ್ರ ನಮ್ಮ ಉಗುರಿನ ಬುಡದಾಗ ಕಣ್ಣಿಗಿ ಕಾಣದಂಗ ತೆಳ್ಳನ ಸತ್ತ ಚರ್ಮ ಉಗುರಿಗಿ ಅಂಟ್ಕೊಂಡಿರ್ತದ. ಅದನ್ನ ನಿಧಾನಕ್ಕ ಬಿಡಿಸಿ ತೆಗೀದೆ ಮ್ಯಾಲ ಆಕ್ರಿಲಿಕ್ ಹಾಕಿದ್ರ ಅದು ಉಗುರಿಗಿ ಹತ್ತಲ್ಲ, ಆ ಚರ್ಮಕ್ಕ ಹತ್ತತದ, ಚರ್ಮ ಬಿಟ್ಟಾಗ ಇದೂ ಬಿಡ್ತದ. ಎಣ್ಣಿ ಇದ್ರೂ ಅದೇ ಕಥಿ. ಮೆಹಂದಿ ಎಣ್ಣಿ, ಅರಿಷಿಣದ ಎಣ್ಣಿ, ಬೆವರು, ಇದಿಷ್ಟೂ ಒಂದು ಒಣ ಟಿಶ್ಯೂಕ್ಕ ಹೋಗಲ್ಲ್ರಿ. ಕೈ ಸೋಪಿನಿಂದ ತೊಳದು, ಪೂರ್ತಿ ಒಣಗಿಸಿ, ಡಿಹೈಡ್ರೇಟರ್ (ಉಗುರಿನ ತೇವ, ಎಣ್ಣಿ ತೆಗಿಯೋ ದ್ರವ) ಹಚ್ಚಿ, ಬೇಕಾದ್ರ ಪ್ರೈಮರ್ (ಹಿಡಿತ ಹೆಚ್ಚಿಸೋ ದ್ರವ) ಹಚ್ಚಿ ಆಮ್ಯಾಲ ಕೆಲಸ ಶುರು ಮಾಡ್ಬೇಕು. ಇನ್ನೊಂದು, ಆಕ್ರಿಲಿಕ್ ಆಗ್ಲಿ, ಲ್ಯಾಂಪಿನ ಬೆಳಕಿನಾಗ ಗಟ್ಟಿ ಮಾಡೋ ಜೆಲ್ ಆಗ್ಲಿ ಚರ್ಮಕ್ಕ ತಾಕ್ಬಾರ್ದು, ಬುಡದಾಗ ಕೂದಲೆಳಿಯಷ್ಟು ಜಾಗ ಬಿಡ್ಬೇಕು. ಚರ್ಮದ ಮ್ಯಾಲ ಹರದ್ರ, ಬುಡದಾಗ ದಪ್ಪ ಕುಂತ್ರ, ಲಿಕ್ವಿಡ್ ಜಾಸ್ತಿ ಆಗಿ ಪೌಡರ್ ಕಮ್ಮಿ ಆದ್ರ, ಎಲ್ಲಾಕ್ಕೂ ಕೊನಿಗಿ ಅದೇ ಬೆಳ್ಳನ ಗೆರಿ. ಜೆಲ್‌ನಾಗ ಲ್ಯಾಂಪಿನ ಮ್ಯಾಲೂ ಅವಲಂಬನ ಅದ, ಆ ಜೆಲ್‌ಗೆ ಹೊಂದದ ಲ್ಯಾಂಪ್ ಆದ್ರ ಮ್ಯಾಲ ಗಟ್ಟಿ ಅನ್ನಿಸ್ತದ, ಒಳಗ ಹಸೀನೇ ಉಳೀತದ.

ಡ್ರಿಲ್ ಬಗ್ಗೆ ನನಗ ಭಾಳ ಸಿಟ್ಟದ. ಒರಟಾಗಿ ತಿಕ್ಕಿದ್ರ ಗಟ್ಟಿ ಹಿಡೀತದ ಅಂತ ತಿಳ್ಕೊಂಡು ಉಗುರು ಸವಿಸಿ ತೆಳ್ಳಗ ಮಾಡ್ತಾರ. ತೆಳ್ಳಗಾದ ಉಗುರು ಸಣ್ಣ ಒತ್ತಡಕ್ಕೂ ಬಗ್ಗತದ, ಮ್ಯಾಲಿನ ಆಕ್ರಿಲಿಕ್ ಹಂಗ ಬಗ್ಗಲ್ಲ, ಅಲ್ಲೇ ಇಬ್ಬರ ನಂಟು ಬಿಡ್ತದ. ಮ್ಯಾಲಿನ ಹೊಳಪು ಹೋಗೋವಷ್ಟು ಹಗುರಕ ಬಫ್ ಮಾಡಿದ್ರ, ಅಂದ್ರ ನುಣ್ಣನ ಫೈಲ್‌ನಿಂದ ಉಜ್ಜಿದ್ರ ಸಾಕು. ಸುಡ್ತದ ಅಂದ್ರ ನಿಲ್ಲಿಸ್ರಿ ಅಂತ ಗಟ್ಟಿಯಾಗಿ ಹೇಳ್ರಿ, ಸಂಕೋಚ ಬ್ಯಾಡ, ಉಗುರು ನಿಮ್ದು.

ಮತ್ತ ಆ ವಾಸನಿ. ಆಕ್ರಿಲಿಕ್ ಲಿಕ್ವಿಡ್‌ನಾಗ ಎರಡು ನಮೂನಿ ಅದಾವ, ಉಗುರಿಗಿ ಬಳಸೋದು ಈಥೈಲ್ ಮೆಥಾಕ್ರಿಲೇಟ್, ಸೋವಿ ಅಂತ ಕೆಲವರು ತರೋದು ಮೀಥೈಲ್ ಮೆಥಾಕ್ರಿಲೇಟ್, ಎಂಎಂಎ ಅಂತಾರ. ಅಮೆರಿಕಾದಾಗ 1970ರ ದಶಕದ ಶುರುವಿನಾಗೇ ಎಂಎಂಎ ಇಂದ ಉಗುರು ಕೆಟ್ಟಿದ್ದ ದೂರು ಬಂದು ಅಲ್ಲಿನ ಎಫ್‌ಡಿಎ (ಔಷಧ, ಸೌಂದರ್ಯವರ್ಧಕ ನೋಡ್ಕೊಳೋ ಸರ್ಕಾರಿ ಸಂಸ್ಥೆ) ಅಂಥಾ ಪ್ರಾಡಕ್ಟ್ ಮ್ಯಾಲ ಕ್ರಮ ತಗೊಂಡದ. ಅದು ಭಾಳ ಗಟ್ಟಿ, ನೇಲ್ ತೆಗಿಯೋಕ ಬಳಸೋ ಅಸಿಟೋನ್ ಅನ್ನೋ ದ್ರವದಾಗ ಸುಲಭಕ್ಕ ಕರಗಲ್ಲ, ಎಲ್ಲೆರೆ ಬಾಗಲಕ್ಕ ಬಡದ್ರ ಅದು ಮುರಿಯಲ್ಲ, ನಿಮ್ಮ ಸ್ವಂತ ಉಗುರು ಕಿತ್ತು ಬರ್ತದ. ಪಾರ್ಲರ್‌ನವರು ಏನು ಹಾಕಿದ್ರು ಅಂತ ನಾ ಖಾತ್ರಿ ಹೇಳೋಕ್ಕಾಗಲ್ಲ, ಬಾಟಲಿ ಮ್ಯಾಲ ಹೆಸರೇ ಇದ್ದಿದ್ದಿಲ್ಲ. ಹೆಸರಿಲ್ಲದ ಬಾಟಲಿ ಕಂಡ್ರ ಎದ್ದು ಬರ್ರಿ, ಅಷ್ಟೇ. ಆನ್‌ಲೈನ್‌ನಾಗ ಜೆಲ್ ಕಿಟ್ ತರಿಸಿ ಮನ್ಯಾಗ ಹಾಕ್ಕೊಳೋರಿಗೂ ಒಂದು ಮಾತು, ಜೆಲ್‌ನಾಗಿರೋ ಹೇಮಾ ಅನ್ನೋ ಕೆಮಿಕಲ್ ಚರ್ಮಕ್ಕ ತಾಕಿ ತಾಕಿ ಅಲರ್ಜಿ ಆಗಬಹುದು, ಬಂದ್ರ ಜೀವನಪೂರ್ತಿ ಉಳೀಬಹುದು. ಯುರೋಪಿನಾಗ 2021ರಿಂದ ಹೇಮಾ ಇರೋ ನೇಲ್ ಪ್ರಾಡಕ್ಟ್ ಪ್ರೊಫೆಷನಲ್‌ಗಳಿಗಿ ಮಾತ್ರ ಅಂತ ನಿಯಮ ಮಾಡ್ಯಾರ. ಬೆರಳ ಸುತ್ತ ಕೆರತ, ಸಣ್ಣ ಗುಳ್ಳಿ ಕಂಡ್ರ ಅಲ್ಲಿಗೇ ನಿಲ್ಲಿಸ್ರಿ.

ಈಗ ರೊಟ್ಟಿ ವಿಷಯಕ್ಕ ಬರ್ತೀನಿ, ಯಾಕಂದ್ರ ನಮ್ಮ ಕಡಿ ಎಲ್ಲಾರೂ ಅದರ ಮ್ಯಾಲೇ ಹಾಕ್ತಾರ. ಸರಿಯಾಗಿ ಹಾಕಿದ ನೇಲ್ ವಾರದೊಳಗ ಹತ್ತೂ ಬೆರಳಿಗಿ ಬುಡದಿಂದ ಎದ್ದು ಬರಾಕ ರೊಟ್ಟಿ ಒಂದೇ ಕಾರಣ ಅಂದ್ರ ನಾ ಒಪ್ಪಲ್ಲ. ಆದ್ರ ರೊಟ್ಟಿಗೂ ನೀರಿಗೂ ಪಾಲಿಲ್ಲ ಅಂತನೂ ಅಲ್ಲ. ಉಗುರು ನೀರು ಕುಡೀತದ, ಕುಡದು ಉಬ್ಬತದ, ಮೆತ್ತಗಾಗ್ತದ, ಒಣಗಿದ್ರ ಮತ್ತ ಕುಗ್ಗತದ. ಮ್ಯಾಲಿನ ಪ್ಲಾಸ್ಟಿಕ್ ಹಂಗ ಉಬ್ಬಲ್ಲ, ಕುಗ್ಗಲ್ಲ. ದಿನಾ ಮುಂಜಾನಿ ಸಂಜಿ ಬಿಸಿನೀರಿನಾಗ ಜ್ವಾಳದ ಹಿಟ್ಟು ನಾದಿ, ಆಮ್ಯಾಲ ಭಾಂಡಿ ಸೋಪು, ಅರಬಿ ಪೌಡರ್, ಹಿಂಗ ಉಬ್ಬಿ ಕುಗ್ಗಿ ಉಬ್ಬಿ ಕುಗ್ಗಿ ಹಿಡಿತ ಸಡ್ಲ ಆಗ್ತದ. ಅದಕ್ಕ ಭಾಂಡಿ, ಅರಬಿಗಿ ಗ್ಲೌಸ್ ಹಾಕ್ಕೊಳ್ರಿ, ಒಳಗ ಬಟ್ಟಿ ಇರೋದು ಇದ್ರ ಛಲೋ, ಇಲ್ಲಾಂದ್ರ ಒಳಗೇ ಬೆವರಿ ನೀರಿನಾಗ ಅದ್ದಿದಂಗೇ ಆಗ್ತದ. ಗ್ಲೌಸ್ ಹಾಕ್ಕೊಂಡು ರೊಟ್ಟಿ ಬಡಿಯೋಕ್ಕಾಗಲ್ಲ, ಗೊತ್ತದ. ಉದ್ದ ಕಮ್ಮಿ ಇಟ್ಕೊಳ್ರಿ, ಬೆರಳು ಮ್ಯಾಲೆತ್ತಿ ಅಂಗೈಯಿಂದ ಬಡೀರಿ, ಮೊದಲ ಒಂದೆರಡು ವಾರ ಹಿಟ್ಟು ನಾದೋದು ಮನ್ಯಾಗ ಬ್ಯಾರೆಯವರು ನೋಡ್ಕೊಂಡ್ರ ಇನ್ನೂ ಛಲೋ. ಅತ್ತ್ಯಾರು ಯಾರಾದ್ರೂ ಓದಲತ್ತಿದ್ರ ಕೈ ಮುಗದು ಕೇಳ್ತೀನಿ, ಸೊಸಿಗಿ ಅಷ್ಟು ದಿನ ಬಿಡುವು ಕೊಡ್ರಿ.

ಕೈ ತೊಳದ ಮ್ಯಾಲ ಉಗುರಿನ ಕೆಳಗೂ ಬುಡಕ್ಕೂ ಟವೆಲ್ ಒತ್ತಿ ಒಣಗಿಸ್ರಿ. ರಾತ್ರಿ ಬುಡದ ಚರ್ಮಕ್ಕ ಒಂದು ಹನಿ ಎಣ್ಣಿ ಹಚ್ಚಿದ್ರ ಅಂಚು ಬಿರಿಯಲ್ಲ, ಹಾಕಿಸ್ಕೊಳೋ ದಿನ ಮಾತ್ರ ಎಣ್ಣಿ, ಲೋಷನ್ ಏನೂ ಬ್ಯಾಡ. ನೇಲ್ ಕಟರ್ ಹಚ್ಚಬ್ಯಾಡ್ರಿ, ಕಟ್ ಅಂದಾಗ ಒಳಗ ಬಿರುಕು ಬಿಡ್ತದ, ಫೈಲ್‌ನಿಂದ ಕಮ್ಮಿ ಮಾಡ್ರಿ. ಮತ್ತ ಎರಡು ಮೂರು ವಾರಕ್ಕ ರಿಫಿಲ್ (ಉಗುರು ಬೆಳದು ಬುಡದಾಗ ಖಾಲಿಯಾದ ಜಾಗ ತುಂಬಿಸೋದು) ಮಾಡಿಸ್ಲೇಬೇಕು, ಕೈ ಉಗುರು ತಿಂಗಳಿಗಿ ಸುಮಾರು 3 ಮಿಲಿಮೀಟರ್ ಬೆಳೀತದ, ಅಷ್ಟೂ ಮುಂದ ಸರದಂಗ ಭಾರ ತುದಿಗಿ ಹೋಗ್ತದ, ಸಣ್ಣ ಏಟಿಗೂ ಬುಡ ಎತ್ತತದ. ರಿಫಿಲ್ ಖರ್ಚು ಲೆಕ್ಕ ಹಾಕದೆ ಹಾಕಿಸ್ಕೊಳ್ಳೋದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ಮದುವಿ ಎರಡು ದಿನದ ಫೋಟೋ ಸಲುವಾಗಿ ಅಂದ್ರ ಅಂಟಿಸಿ ತೆಗಿಯೋ ಪ್ರೆಸ್ ಆನ್ ನೇಲ್ ಸಾಕು.

ಎದ್ದ ಮ್ಯಾಲ ಗಮ್ ಹಾಕೋದು ಯಾಕ ಬ್ಯಾಡ ಅಂದ್ರ, ಸಂದ್ಯಾಗ ಮೊದಲೇ ನೀರು, ಸೋಪು, ಹಿಟ್ಟು ಹೋಗಿರ್ತದ, ಗಮ್ ಮ್ಯಾಲಿಂದ ಬಾಗಲಾ ಮುಚ್ಚತದ. ಒಳಗಿನ ತೇವದಾಗ ಸೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಬೆಳೀತದ, ಹಸಿರು ಬಣ್ಣ ಅದೇ ಬಿಡೋದು. ನಮ್ಮವರು ಫಂಗಸ್ ಅಂತ ಮೆಡಿಕಲ್‌ನಾಗ ಮುಲಾಮು ತಂದು ಹಚ್ಚಿದ್ರು, ಏನೂ ಆಗ್ಲಿಲ್ಲ. ಚರ್ಮದ ಡಾಕ್ಟರ್ ನೋಡಿ ಮೊದಲು ಆಕ್ರಿಲಿಕ್ ಪೂರ್ತಿ ತೆಗಸ್ರಿ ಅಂದ್ರು, ಹಚ್ಚೋಕ ಡ್ರಾಪ್ಸ್ ಕೊಟ್ರು, ಉಗುರು ಒಣಗಿರ್ಲಿ, ಮ್ಯಾಲ ಪಾಲಿಶ್ ಬ್ಯಾಡ ಅಂದ್ರು. ಇನ್ಫೆಕ್ಷನ್ ಹೋಯ್ತು, ಕಲಿ ಮಾತ್ರ ಉಗುರು ಬೆಳದಂಗ ನಿಧಾನಕ್ಕ ಮುಂದ ಸರೀಲತ್ತದ, ಒಂದು ಉಗುರು ಪೂರ್ತಿ ಹೊಸದಾಗಿ ಬರಾಕ ಆರು ತಿಂಗಳ ಹತ್ರ ಹಿಡೀತದ. ನೋವು, ಕೀವು, ಬುಡ ಬಾತಿದ್ರ ಅಂತೂ ಒಂದು ದಿನಾನೂ ತಡಾ ಮಾಡಬ್ಯಾಡ್ರಿ.

ಈಗ ಯಾರಿಗಾದ್ರೂ ಎದ್ದಿದ್ರ ಕಿತ್ತಬ್ಯಾಡ್ರಿ, ಕಿತ್ತಿದ್ರ ಸ್ವಂತ ಉಗುರಿನ ಪದರ ಅದರ ಸಂಗಟನೇ ಬರ್ತದ. ಮ್ಯಾಲಿನ ಹೊಳಪು ಫೈಲ್ ಮಾಡಿ, ಅಸಿಟೋನ್‌ದಾಗ ಅದ್ದಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ 20 ರಿಂದ 30 ನಿಮಿಷ ಕುಂದ್ರ್ರಿ, ಮೆತ್ತಗಾದ್ದನ್ನ ಹಗುರಕ ಸರಸ್ರಿ, ಬರ್ಲಿಲ್ಲಂದ್ರ ಮತ್ತ ಸುತ್ರಿ. ಕೆಲವು ಪಾಲಿಶ್ ರಿಮೂವರ್‌ದಾಗ ಅಸಿಟೋನ್ ಇರಲ್ಲ, ಬಾಟಲಿ ಓದಿ ತಗೊಳ್ರಿ. ಅಸಿಟೋನ್ ಭಾಳ ಜಲ್ದಿ ಬೆಂಕಿ ಹಿಡೀತದ, ಅಡಗಿ ಮನ್ಯಾಗ, ದೇವ್ರ ದೀಪದ ಹತ್ರ, ಊದಬತ್ತಿ ಹತ್ರ ಕುಂತು ಮಾಡಬ್ಯಾಡ್ರಿ, ಕಿಟಕಿ ತೆಗದಿಡ್ರಿ. ಎಷ್ಟು ಹೊತ್ತಿಟ್ರೂ ಕರಗಲಿಲ್ಲಂದ್ರ ಎಂಎಂಎ ಇರಬಹುದು, ಆವಾಗ ಜೋರು ಮಾಡದೆ ಕೆಲಸ ಗೊತ್ತಿದ್ದವರ ಕಡಿ ಫೈಲ್ ಮಾಡಿಸಿ ತೆಗಸ್ರಿ.

ಹಾಕಿಸ್ಕೊಂಡ ದಿನಾನೇ ಬುಡ ಕಾಣೋ ಹಂಗ ಫೋಟೋ ತಕ್ಕೊಂಡು ಇಟ್ಕೊಳ್ರಿ, ಎದ್ದ ದಿನಾನೂ ತಕ್ಕೊಳ್ರಿ. ನಮ್ಮ ಹತ್ರ ಮದುವಿ ಫೋಟೋ ಬಿಟ್ರ ಹತ್ರದಿಂದ ತಗದಿದ್ದು ಒಂದೂ ಇದ್ದಿದ್ದಿಲ್ಲ, ಅದಕ್ಕ ಪಾರ್ಲರ್‌ನವರು ಕೊನಿತನಾ ರೊಟ್ಟಿ ಅಂತಲೇ ಅಂದ್ರು, ರೊಕ್ಕ ವಾಪಸ್ ಕೊಡ್ಲಿಲ್ಲ.